ಗೆದ್ದ ಮೂರನೆಯ ದಿನ ಸೋತ ಕುದುರೆ

ಕಳೆದ ತಿಂಗಳು ಮೊಣಕಾಲಿನ ನೋವಿಗೆಂದು ಗುಳಿಗೆ ನುಂಗಿ, ಮಹಡಿಯ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಿ ಇಳಿದೆ. ಮರುದಿನ ಊತ ಹೆಚ್ಚಾಗಿತ್ತು. ಗುಳಿಗೆಯಿಂದ ಮರೆಯಾದದ್ದು ನೋವೇ ಹೊರತು ಕಾಯಿಲೆಯಲ್ಲ. ಜೂಜಿನ ಕಟ್ಟೆಯನ್ನು ಎಂದೂ ಹತ್ತದ ಈ ಮೇಷ್ಟರಿಗೆ ಆಗ ನೆನಪಾದದ್ದು, ಆಶ್ಚರ್ಯವೆನಿಸಬಹುದು, ಅಮೆರಿಕದ ಒಂದು ಕುದುರೆ.

1968ರ ಮೇ 4ರಂದು ಲೂಯಿವಿಲ್ ನಗರದ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ಕೆಂಟಕಿ ಡರ್ಬಿ ನಡೆಯಿತು. ಹದಿನಾಲ್ಕು ಕುದುರೆಗಳಲ್ಲಿ ಆರಂಭಕ್ಕೆ ಕೊನೆಯದಾಗಿದ್ದ 'ಡ್ಯಾನ್ಸರ್ಸ್ ಇಮೇಜ್' ಎಂಬ ಬೂದುಬಣ್ಣದ ಕುದುರೆ ಎಲ್ಲವನ್ನೂ ಹಿಂದಿಕ್ಕಿ ಗೆದ್ದಿತು. ಮೂರನೆಯ ದಿನ, ಅದರ ಮೂತ್ರದಲ್ಲಿ ಫಿನೈಲ್‌ಬ್ಯುಟಜೋನ್ ಪತ್ತೆಯಾಗಿದೆಯೆಂಬ ಪ್ರಕಟಣೆ ಹೊರಬಿತ್ತು. ಇದು ಉರಿಯೂತವನ್ನೂ ನೋವನ್ನೂ ತಗ್ಗಿಸುವ ಔಷಧಿ. ಕುದುರೆಗೆ ಹೆಚ್ಚಿನ ವೇಗವನ್ನೇನೂ ಕೊಡುವುದಿಲ್ಲ. ಇತರ ಕೆಲವು ರಾಜ್ಯಗಳಲ್ಲಿ ಅದಕ್ಕೆ ಅನುಮತಿಯಿತ್ತು. ಕೆಂಟಕಿಯಲ್ಲಿ ಮಾತ್ರ ಪಂದ್ಯದ ದಿನ ಅದು ಕುದುರೆಯ ಮೈಯಲ್ಲಿ ಇರಕೂಡದಿತ್ತು. ಎಷ್ಟು ಇತ್ತೆಂಬ ಪ್ರಶ್ನೆಯಿಲ್ಲ, ಇತ್ತೇ ಇಲ್ಲವೇ ಎಂಬುದಷ್ಟೇ.

ಕುದುರೆಯ ಕಣಕಾಲುಗಳು ನೋಯುತ್ತಿದ್ದುದರಿಂದ ಹಿಂದಿನ ಭಾನುವಾರ ಪಶುವೈದ್ಯರು ಆ ಔಷಧಿ ಕೊಟ್ಟದ್ದು ನಿಜ. ಆದರೆ ಆರು ದಿನಗಳಲ್ಲಿ ಅದು ದೇಹದಿಂದ ಹೋಗಿರಬೇಕಿತ್ತು! ಎರಡನೆಯ ಬಾರಿ ಕೊಟ್ಟವರಾರು? ಉತ್ತರ ಇಂದಿಗೂ ಸಿಕ್ಕಿಲ್ಲ. ಮಾಲೀಕ ಪೀಟರ್ ಫುಲ್ಲರ್, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಬೆನ್ನಲ್ಲೇ ತಮ್ಮ ಹಿಂದಿನ ಗೆಲುವಿನ ಬಹುಮಾನವನ್ನು ಕಿಂಗ್‌ರ ಪತ್ನಿಗೆ ನೀಡಿದ್ದರು. ಅದನ್ನು ಸಹಿಸದ ಯಾರೋ ಮಾಡಿದ ಕೆಲಸವಿದೆಂಬ ಶಂಕೆ ಅವರನ್ನು ಬಿಡಲಿಲ್ಲ. ಪುರಾವೆ ಮಾತ್ರ ದೊರೆಯಲಿಲ್ಲ.

ಬಹುಮಾನದ ಹಣ ಎರಡನೆಯದಾಗಿ ಬಂದ 'ಫಾರ್ವರ್ಡ್ ಪಾಸ್'ನ ಪಾಲಾಯಿತು. ಬಾಜಿ ಕಟ್ಟಿದವರಿಗಾದರೋ ಡ್ಯಾನ್ಸರ್ಸ್ ಇಮೇಜ್ ಗೆದ್ದಂತೆಯೇ ಹಣ ಸಂದಾಯವಾಗಿಹೋಗಿತ್ತು! ಫುಲ್ಲರ್ ನ್ಯಾಯಾಲಯಕ್ಕೆ ಹೋದರು. 1970ರಲ್ಲಿ ಕೆಳಗಿನ ನ್ಯಾಯಾಧೀಶರು ಪರೀಕ್ಷೆಯ ಸಾಕ್ಷ್ಯ ಸಾಲದೆಂದು ಅವರ ಪರವಾಗಿ ತೀರ್ಪಿತ್ತರು; 1972ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ನನಗೆ ಫುಲ್ಲರ್ ಬಗ್ಗೆ ಮರುಕವಿದೆ. ಆದರೂ ನಿಯಮ ತಪ್ಪೆನ್ನಲಾರೆ. ನನ್ನ ಮೊಣಕಾಲು ನೋಯುತ್ತಿದೆಯೆಂದು ನಾನು ಹೇಳಬಲ್ಲೆ, ಕುಳಿತುಕೊಳ್ಳಬಲ್ಲೆ. ಕುದುರೆಗೆ ಕಾಲಿನ ನೋವೊಂದೇ ಎಚ್ಚರಿಕೆ. ಅದನ್ನೂ ಅಡಗಿಸಿದರೆ ಮೂಳೆ ಮುರಿಯುವವರೆಗೆ ಓಡೀತು. ಯಾರು ಕೊಟ್ಟರೆಂದು ಸಾಬೀತಾದ ಮೇಲೆಯೇ ಶಿಕ್ಷೆಯೆಂದರೆ ನಿಯಮ ಇದ್ದೂ ಇಲ್ಲದಂತೆ. ವಿಚಿತ್ರವೆಂದರೆ, 1974ರಲ್ಲಿ ಕೆಂಟಕಿಯೇ ಆ ಔಷಧಿಗೆ ಅನುಮತಿ ನೀಡಿತು.

ರಾಜ್ಯಕ್ಕೊಂದು ನಿಯಮವೆಂಬ ಈ ಗೊಂದಲಕ್ಕೆ ಅಮೆರಿಕದ ಸಂಸತ್ತು ಕೈಹಚ್ಚಿದ್ದು 2020ರ ಕಾಯಿದೆಯ ಮೂಲಕ. ಅದು ಜಾರಿಗೆ ಬರುವ ಮುನ್ನವೇ, 2021ರ ಡರ್ಬಿ ಗೆದ್ದ 'ಮೆಡಿನಾ ಸ್ಪಿರಿಟ್'ನ ರಕ್ತದಲ್ಲಿ ಬೀಟಾಮೆಥಸೋನ್ ಕಂಡುಬಂದಿತು. ಅದೂ ಉರಿಯೂತ ತಗ್ಗಿಸುವ ಔಷಧಿಯೇ. 2022ರ ಫೆಬ್ರುವರಿಯಲ್ಲಿ ಗೆಲುವು ರದ್ದಾಯಿತು. ಆ ಕುದುರೆ ಅಷ್ಟರಲ್ಲಿ ಬದುಕಿರಲಿಲ್ಲ. 2021ರ ಡಿಸೆಂಬರಿನಲ್ಲಿ, ಬೆಳಗಿನ ಅಭ್ಯಾಸದ ಓಟ ಮುಗಿಸಿದೊಡನೆ ಕುಸಿದು ಸತ್ತಿತ್ತು.