ಯಲವಿಗಿಯ ಎರೆಯೂ ಮೋಟಾರಿನ ವೆಚ್ಚವೂ

ಸವಣೂರಿಗೆ ಸಮೀಪದ ರೈಲು ನಿಲ್ದಾಣವಾದ ಯಲವಿಗಿಯಲ್ಲಿ ಇಳಿದವನು, ವೀಳ್ಯದೆಲೆಗೆ ಹೆಸರಾದ ಆ ನವಾಬರ ಪಟ್ಟಣವನ್ನು ಸೇರಲು ಬಹುಕಾಲ ಚಕ್ಕಡಿಯನ್ನೇ ನೆಚ್ಚಿಕೊಂಡಿದ್ದನು; ಗಾಲಿಯ ಹಳಿ ಸಡಿಲಿದರೆ ಊರ ಕಮ್ಮಾರನು ಅದನ್ನು ಕೆಂಡದಲ್ಲಿ ಕಾಯಿಸಿ ತೊಡಿಸಿ, ನೀರೆರೆದು ಬಿಗಿಗೊಳಿಸಿ, ಪ್ರತಿಫಲವನ್ನು ಸುಗ್ಗಿಯ ಕಾಳಿನಲ್ಲಿ ಪಡೆಯುತ್ತಿದ್ದನು. ಮೋಟಾರಿಗೆ ಇಂಥ ಉದ್ದರಿ ಎಲ್ಲಿಯದು! ಸ್ವಾತಂತ್ರ್ಯಾನಂತರ ವಿದೇಶೀ ವಾಹನಗಳ ಆಮದಿಗೆ ನಿರ್ಬಂಧ ಬಿದ್ದು, 1957ರಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಅಂಬಾಸಿಡರ್ ರೂಪುಗೊಂಡ ಬಳಿಕವೂ, ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ, ಹಳೆಯದನ್ನೇ ಪುನಃಪುನಃ ದುರಸ್ತಿಗೊಳಿಸಿ ಓಡಿಸುವುದು ಅನಿವಾರ್ಯವಾಯಿತು.

ನಮ್ಮ ಮನೆಯಲ್ಲಿಯೂ ಅಂಥದೊಂದಿತ್ತು. ಅದರ ಕುಲಗೋತ್ರ ಇಲ್ಲಿ ಬೇಡ. ಮಳೆಗಾಲದ ಎರೆಮಣ್ಣು ಚಕ್ರಗಳಿಗೆ ಮೆತ್ತಿಕೊಂಡು ಕ್ಲಚ್ಚಿನ ತಟ್ಟೆ ಸುಟ್ಟಿತೆಂದರೆ, ಬಿಡಿಭಾಗವು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುವ ಪರ್ಯಂತ ಅದು ಬೇವಿನ ನೆರಳಿನಲ್ಲಿ ಕೋಳಿಗಳಿಗೆ ಆಶ್ರಯವಾಗಿರುತ್ತಿತ್ತು. ಬೇಸಗೆಯಲ್ಲಿ ರೇಡಿಯೇಟರು ಕುದಿಯುತ್ತಿದ್ದುದರಿಂದ, ಹಿಂದಿನ ಆಸನದ ಬಳಿ ತಾಮ್ರದ ಕೊಡವೊಂದು ಖಾಯಂ ಪ್ರಯಾಣಿಕ. ಎತ್ತುಗಳ ಹತ್ತಿಕಾಳು ಹಿಂಡಿಗೂ ಇಷ್ಟು ರೊಕ್ಕ ಹೋಗುವುದಿಲ್ಲವೆಂದು ಅಜ್ಜನವರು ಗೊಣಗುವರು. ಆದರೆ ಹಳ್ಳದ ದಂಡೆಯಲ್ಲಿ ನಿಂತುಹೋದ ಮೋಟಾರಿಗೆ ಹಗ್ಗ ಬಿಗಿದು ಮನೆಗೆ ಎಳೆದು ತರುತ್ತಿದ್ದುದು ಅವೇ ಎತ್ತುಗಳು.