ಜೋಳ ತುಟ್ಟಿಯಾದ ಕತೆ

ಪುಣೆಯ ಕಿರಾಣಿ ಅಂಗಡಿಯಲ್ಲಿ ಒಮ್ಮೆ ಜೋಳದ ದರ ಕೇಳಿ ನೋಡಿ. ಗೋಧಿಗಿಂತ ತುಟ್ಟಿ! ಬಡವರ ಕಾಳು ಅನಿಸಿಕೊಂಡದ್ದಕ್ಕೆ ಇದು ಹೇಗಾಯಿತು?

ವಿಜಾಪುರ, ಧಾರವಾಡಗಳು 1956ರವರೆಗೂ ಪುಣೆಯ ಜೊತೆಗೇ ಮುಂಬಯಿ ಆಡಳಿತದಲ್ಲಿದ್ದವು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿದ ಮಾಲದಂಡಿ ತಳಿ, ಎಂ 35-1, ಎರಡೂ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಬೆಳೆಯಾಗಿ ಹಬ್ಬಿತು. ಬೆಳ್ಳನೆಯ ಮೆತ್ತನೆಯ ರೊಟ್ಟಿ ಅಂದರೆ ಇಂದಿಗೂ ಅದೇ.

1965ರಲ್ಲಿ ಭಾರತ ಆಹಾರ ನಿಗಮ, ಕೃಷಿ ಬೆಲೆ ಆಯೋಗ ಎರಡೂ ಹುಟ್ಟಿದವು. ಸರ್ಕಾರದ ಖರೀದಿಯೆಲ್ಲ ಹೆಚ್ಚುಕಡಿಮೆ ಅಕ್ಕಿ, ಗೋಧಿಗೇ ಹೋಯಿತು. ರೇಶನ್ ಅಂಗಡಿಗೆ ಬಂದದ್ದೂ ಅವೇ. ಹೊಟ್ಟೆ ತುಂಬಿದ್ದು ಸಣ್ಣ ಮಾತಲ್ಲ. 1972ರ ಬರದಲ್ಲಿ ಅಮೆರಿಕದ ಕೆಂಪು ಮಿಲೋ ಜೋಳ ತಿಂದ ಹಿರಿಯರನ್ನು ಕೇಳಿ, ಮುಖ ಕಿವುಚಿಯೇ ಹೇಳುತ್ತಾರೆ. ಆದರೆ ಜೋಳ ಕೊಳ್ಳುವವರಿಲ್ಲದೆ ರೈತ ಬಿತ್ತುವುದನ್ನು ಕಡಿಮೆ ಮಾಡಿದ. ನೀರು ಬಂದ ಕಡೆ ಕಬ್ಬು ನಿಂತಿತು. ನಾರು, ಕಬ್ಬಿಣದ ಅಂಶವಿದ್ದ ರೊಟ್ಟಿಯ ಜಾಗಕ್ಕೆ ಪಾಲಿಶ್ ಅಕ್ಕಿಯ ಅನ್ನ ಬಂತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ಮಹಾರಾಷ್ಟ್ರದಲ್ಲಿ ನೂರಕ್ಕೆ 54, ಕರ್ನಾಟಕದಲ್ಲಿ 48. ಇದಕ್ಕೆ ಧಾನ್ಯವೊಂದೇ ಕಾರಣವಲ್ಲ, ನಿಜ. ಆದರೂ ಕೃಷಿ ಇಲಾಖೆ ಕ್ವಿಂಟಲ್ ಎಣಿಸುತ್ತದೆ, ಆರೋಗ್ಯ ಇಲಾಖೆ ಕಬ್ಬಿಣದ ಗುಳಿಗೆ ಹಂಚುತ್ತದೆ. ಇಬ್ಬರಿಗೂ ಮಾತುಕತೆ ಅಪರೂಪ.

2013ರ ಆಹಾರ ಭದ್ರತಾ ಕಾಯ್ದೆ ಒರಟು ಧಾನ್ಯಗಳನ್ನೂ ರೇಶನ್ ಪಟ್ಟಿಗೆ ಸೇರಿಸಿತು. ಕರ್ನಾಟಕ ಬೆಂಬಲ ಬೆಲೆಗೆ ಕೊಂಡು ಉತ್ತರದಲ್ಲಿ ಜೋಳ, ದಕ್ಷಿಣದಲ್ಲಿ ರಾಗಿ ಹಂಚಿದ್ದೂ ಉಂಟು. ಪುಣೆಯ ನಿಮ್ಮ ಕಾರ್ಡಿಗೆ ಎಂದಾದರೂ ಜೋಳ ಸಿಕ್ಕಿದೆಯೇ? ಬರೆದು ತಿಳಿಸಿ.