ಮಂಡಿಚಿಪ್ಪು
ತೆಂಗಿನಕಾಯಿಗೂ ಆಮೆಗೂ ಇರುವ ಚಿಪ್ಪನ್ನು ಕನ್ನಡ ಮಂಡಿಗೂ ಕೊಟ್ಟಿದೆ. ವೈದ್ಯರ ಬಾಯಲ್ಲಿ ಅದು ಪಟೆಲ್ಲಾ. ಊರ ಪಟೇಲರಿಗೂ ಇದಕ್ಕೂ ನಂಟಿಲ್ಲ. ಲ್ಯಾಟಿನ್‌ನಲ್ಲಿ ಪುಟ್ಟ ತಟ್ಟೆ ಎಂದರ್ಥ. ನಾಯಿಗೂ ಈ ಚಿಪ್ಪಿದೆ; ಪಶುವೈದ್ಯರ ಚೀಟಿಯ ‘ಪಟೆಲ್ಲರ್ ಲಕ್ಸೇಶನ್’ ಎಂದರೆ ಚಿಪ್ಪು ಜಾರಿದೆ, ಅಷ್ಟೇ. ಪೊಮೆರೇನಿಯನ್, ಚಿವಾವಾದಂಥ ಪುಟ್ಟ ತಳಿಗಳಲ್ಲಿ ಅದು ಹೆಚ್ಚಾಗಿ ಒಳಮಗ್ಗುಲಿಗೆ ಸರಿಯುತ್ತದೆ. ಓಡುತ್ತಿದ್ದ ನಾಯಿ ತಟ್ಟನೆ ಹಿಂಗಾಲೊಂದನ್ನು ಮಡಚಿ, ಮೂರೇ ಕಾಲಲ್ಲಿ ಕುಪ್ಪಳಿಸಿ, ಕಾಲು ಝಾಡಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಮನೆಯವರಿಗೆ ಅದು ತುಂಟಾಟ! ಜಾರಿಕೆಗೆ 4 ದರ್ಜೆ: 1ರಲ್ಲಿ ಕೈಯಿಂದ ಒತ್ತಿದರೆ ಸರಿದು, ಬಿಟ್ಟರೆ ಮರಳುತ್ತದೆ; 4ರಲ್ಲಿ ಒತ್ತಿದರೂ ಮರಳದು. ಆರಂಭದಲ್ಲಿ ತೂಕ ಇಳಿಸಿ, ನುಣುಪು ಟೈಲ್ಸ್ ಮೇಲೆ ಚಾಪೆ ಹಾಸಿದರೆ ಅನುಕೂಲ. ಕುಂಟು ಹೆಚ್ಚಿದರೆ ಚಿಪ್ಪು ಕೂರುವ ತೊಡೆಮೂಳೆಯ ತೋಡನ್ನು ಆಳಗೊಳಿಸುವ ಶಸ್ತ್ರಚಿಕಿತ್ಸೆಯಿದೆ.